ಪ್ರಯೋಗಶಾಲೆಯ ಗುರುಪರಂಪರೆ

ವಿಜ್ಞಾನಿಯ ಹೆಸರು ಜಗತ್ತಿನ ಕಿವಿಗೆ ಬೀಳುವುದು ಆತನ ಶೋಧ ಪ್ರಕಟವಾದ ಮೇಲೆ. ಅಷ್ಟು ಹೊತ್ತಿಗೆ ಆತನ ಜೀವನದ ಬಹು ಮುಖ್ಯವಾದ ಭಾಗವೊಂದು ಮುಗಿದುಹೋಗಿರುತ್ತದೆ. ಪ್ರನಾಳವನ್ನು ಮೊದಲು ಕೈಯಲ್ಲಿ ಹಿಡಿದದ್ದು ಎಲ್ಲಿ, ಕೆಟ್ಟ ಪ್ರಯೋಗವನ್ನು ಮತ್ತೊಮ್ಮೆ ಮಾಡಲು ಹೇಳಿ ಧೈರ್ಯ ತುಂಬಿದವರು ಯಾರು, ಹೆಸರಿಲ್ಲದ ದಿನಗಳಲ್ಲಿ ಕುಳಿತುಕೊಳ್ಳಲು ಒಂದು ಮೂಲೆಯನ್ನು ಕೊಟ್ಟವರು ಯಾರು ಎಂಬ ಸಂಗತಿಗಳು ಮರೆಯಲ್ಲಿಯೇ ಉಳಿಯುತ್ತವೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ರೈತನು ಕೃಷ್ಣೆಯನ್ನು ಕಾಣುವುದು ಅದು ತುಂಬಿ ಹರಿಯುವಾಗ. ಆದರೆ ಆ ನದಿ ಮಹಾಬಲೇಶ್ವರದ ಬೆಟ್ಟದಲ್ಲಿ ಕಿರುಧಾರೆಯಾಗಿ ಹುಟ್ಟಿದ್ದು. ದಾರಿಯಲ್ಲಿ ವೇದಗಂಗೆ ದೂಧಗಂಗೆಗಳಂತಹ ಹೊಳೆಗಳು ಬಂದು ಕೂಡಿದ್ದರಿಂದಲೇ ಅದಕ್ಕೆ ಆ ತುಂಬು ಬಂದದ್ದು. ವಿಜ್ಞಾನಿಯ ಬಾಳೂ ಹಾಗೆಯೇ. ಅದರಲ್ಲಿ ಹಲವು ಗುರುಗಳ ನೀರು ಸೇರಿರುತ್ತದೆ.

ಗುರುವು ಶಿಷ್ಯನಿಗೆ ಕೊಡುವ ಕಾಣಿಕೆಗಳಲ್ಲಿ ಜ್ಞಾನವೇ ಮೊದಲನೆಯದು ಎಂಬುದು ಸಾಮಾನ್ಯ ಅಭಿಪ್ರಾಯ. ಜ್ಞಾನವನ್ನು ಪುಸ್ತಕವೂ ಕೊಡಬಲ್ಲುದು. ಪುಸ್ತಕ ಕೊಡಲಾರದ ವಸ್ತುವೊಂದಿದೆ, ಅದು ಸ್ಥಳ. ಪ್ರಯೋಗಶಾಲೆಯ ಮೇಜಿನ ಬಳಿ ನಿಲ್ಲಲು, ಕೈಯಾರೆ ಮಾಡಿ ನೋಡಲು, ತಪ್ಪಿ ಕಲಿಯಲು ಶಿಷ್ಯನಿಗೆ ದೊರೆಯುವ ಆ ಸ್ಥಳವೇ ಎಲ್ಲಕ್ಕಿಂತ ಮೊದಲಿನ ಗುರುಕಾಣಿಕೆ. ಒಂದು ನಾಡಿನಲ್ಲಿ ವಿಜ್ಞಾನ ಬೆಳೆಯುವುದೂ ಬಾಡುವುದೂ ಆ ಸ್ಥಳವನ್ನು ಯಾರಿಗೆ ಕೊಡಲಾಯಿತು, ಯಾರಿಗೆ ಕೊಡಲಿಲ್ಲ ಎಂಬುದನ್ನು ಅವಲಂಬಿಸಿದೆ. ಶರೀರಕ್ರಿಯಾವಿಜ್ಞಾನದ ಇತಿಹಾಸ ಈ ಮಾತಿಗೆ ಒಳ್ಳೆಯ ಸಾಕ್ಷಿಯನ್ನು ಒದಗಿಸುತ್ತದೆ.

ಶರೀರಕ್ರಿಯಾವಿಜ್ಞಾನವೆಂದರೆ ಜೀವಿಗಳ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಸುವ ಶಾಸ್ತ್ರ. ಉಂಡ ಅನ್ನ ರಕ್ತವಾಗುವ ಬಗೆ, ಉಸಿರಿನ ಗಾಳಿ ಶಕ್ತಿಯಾಗುವ ಬಗೆ, ನರಗಳ ಮೂಲಕ ಸುದ್ದಿ ಹರಿಯುವ ಬಗೆ ಇವೆಲ್ಲ ಅದರ ವಿಷಯಗಳು. ಇಂಥ ಶಾಸ್ತ್ರವನ್ನು ಕೇವಲ ಕೇಳಿ ಕಲಿಯುವುದು ಸಾಧ್ಯವಿಲ್ಲ. ದಡದಲ್ಲಿ ಕುಳಿತು ಈಜನ್ನು ಕಲಿತವರುಂಟೆ? ಆದರೂ ಹತ್ತೊಂಬತ್ತನೆಯ ಶತಮಾನದ ಬಹು ಭಾಗದವರೆಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಈ ಶಾಸ್ತ್ರವನ್ನು ಹೆಚ್ಚಾಗಿ ಉಪನ್ಯಾಸದಿಂದಲೇ ಕಲಿಸುತ್ತಿದ್ದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1836ರಿಂದ ವಿಲಿಯಂ ಶಾರ್ಪೆ ಎಂಬ ಪ್ರಾಧ್ಯಾಪಕರಿದ್ದರು. ಅವರ ಬಳಿ ಉಪಕರಣಗಳು ಹೆಚ್ಚಾಗಿರಲಿಲ್ಲ. ರಕ್ತದ ಒತ್ತಡದ ಏರಿಳಿತವನ್ನು ತಿರುಗುವ ಉರುಳೆಯ ಮೇಲೆ ಬರೆದು ತೋರಿಸುವ ಯಂತ್ರವೊಂದು ಆಗ ಜರ್ಮನಿಯಲ್ಲಿ ಬಳಕೆಗೆ ಬಂದಿತ್ತು. ಶಾರ್ಪೆಯವರು ತಮ್ಮ ಎತ್ತರದ ಟೊಪ್ಪಿಗೆಯನ್ನೇ ಮೇಜಿನ ಮೇಲೆ ತಿರುಗಿಸಿ ಆ ಯಂತ್ರದ ಕೆಲಸವನ್ನು ವಿವರಿಸುತ್ತಿದ್ದರೆಂದು ಅವರ ಶಿಷ್ಯರೊಬ್ಬರು ನೆನಪಿಸಿಕೊಂಡಿದ್ದಾರೆ. ಉಪಕರಣವಿಲ್ಲದಿದ್ದರೂ ಉತ್ಸಾಹವಿದ್ದ ಗುರು ಅವರು. ಸ್ವಂತ ಶೋಧಗಳಿಗಿಂತ ಶಿಷ್ಯರಿಂದಲೇ ಅವರ ಹೆಸರು ಉಳಿಯಿತು. ಶಿಷ್ಯರಲ್ಲೊಬ್ಬರಾದ ಎಡ್ವರ್ಡ್ ಶೇಫರ್ 1918ರಲ್ಲಿ ಗುರುವಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಶಾರ್ಪೆ-ಶೇಫರ್ ಎಂದೇ ಪ್ರಸಿದ್ಧರಾದರು. ಗುರುಭಕ್ತಿ ಭಾರತದ ಸೊತ್ತು ಮಾತ್ರವೆಂದು ತಿಳಿಯುವವರು ಈ ಪ್ರಸಂಗವನ್ನು ನೆನೆಯಬೇಕು.

ಶಾರ್ಪೆಯವರ ಇನ್ನೊಬ್ಬ ಶಿಷ್ಯರು ಮೈಕಲ್ ಫಾಸ್ಟರ್. ಕೆಲವು ವರ್ಷ ತಮ್ಮ ಊರಿನಲ್ಲಿ ವೈದ್ಯವೃತ್ತಿ ನಡೆಸಿದ ಅವರು ಅದನ್ನು ಬಿಟ್ಟು ಗುರುವಿದ್ದ ಕಾಲೇಜಿಗೇ ಅಧ್ಯಾಪಕರಾಗಿ ಮರಳಿದರು. 1870ರಲ್ಲಿ ಕೇಂಬ್ರಿಜಿಗೆ ಹೋದರು. ಅಲ್ಲಿ ಅವರಿಗೆ ದೊರೆತದ್ದು ಅತಿ ಚಿಕ್ಕ ಸ್ಥಳ. ಆದರೆ ಅವರು ತಂದ ಪದ್ಧತಿ ದೊಡ್ಡದು. ವಿದ್ಯಾರ್ಥಿಯು ಪಾಠವನ್ನು ಕೇಳಿದ ಮೇಲೆ ಅದನ್ನು ತನ್ನ ಕೈಯಿಂದಲೇ ಪ್ರಯೋಗ ಮಾಡಿ ಪರೀಕ್ಷಿಸಬೇಕು ಎಂಬುದು ಆ ಪದ್ಧತಿಯ ತಿರುಳು. ನರಮಂಡಲದ ಕಾರ್ಯವನ್ನು ಕಂಡುಹಿಡಿದು 1932ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಚಾರ್ಲ್ಸ್ ಶೆರಿಂಗ್ಟನ್ ಇವರ ಗರಡಿಯಲ್ಲಿ ಪಳಗಿದವರು. ಫಾಸ್ಟರ್ ಹೊಸ ಶೋಧಗಳನ್ನು ಮಾಡಿದ್ದು ಕಡಿಮೆ. ಶೋಧಕರನ್ನು ಮಾಡಿದ್ದು ಬಹಳ.

1898ರಲ್ಲಿ ಫಾಸ್ಟರ್ ತಮ್ಮ ಪ್ರಯೋಗಶಾಲೆಗೆ ಒಬ್ಬ ರಸಾಯನಜ್ಞರನ್ನು ಕರೆತಂದರು. ಆತನ ಹೆಸರು ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್. ಹಾಪ್ಕಿನ್ಸರ ವಿದ್ಯಾಭ್ಯಾಸದ ಹಾದಿ ನೇರವಾಗಿರಲಿಲ್ಲ. ಎಳೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಅವರು ಶಾಲೆಯನ್ನು ಬಿಟ್ಟ ಮೇಲೆ ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿ ದುಡಿದರು. ಅನಂತರ ರಾಸಾಯನಿಕ ವಿಶ್ಲೇಷಣೆಯ ಕೆಲಸಕ್ಕೆ ಸೇರಿದರು. ವೈದ್ಯ ವಿದ್ಯಾರ್ಥಿಯಾಗಿ ಗೈಸ್ ಆಸ್ಪತ್ರೆಯನ್ನು ಸೇರುವಾಗ ಅವರಿಗೆ 27 ವರ್ಷ. ಇತರರು ಓದು ಮುಗಿಸುವ ವಯಸ್ಸಿನಲ್ಲಿ ಅವರು ಓದನ್ನು ಆರಂಭಿಸಿದರು. ಇಷ್ಟು ತಡವಾಗಿ ಬಂದವರ ಯೋಗ್ಯತೆಯನ್ನು ಗುರುತಿಸಿ, ಶರೀರಕ್ರಿಯೆಯ ರಾಸಾಯನಿಕ ಮುಖವನ್ನು ಬೆಳೆಸುವ ಹೊಣೆಯನ್ನು ಒಪ್ಪಿಸಿದ್ದು ಫಾಸ್ಟರರ ದೊಡ್ಡತನ.

ಹಾಪ್ಕಿನ್ಸರ ಮೊದಲ ದೊಡ್ಡ ಶೋಧ ಹುಟ್ಟಿದ್ದು ಒಬ್ಬ ವಿದ್ಯಾರ್ಥಿಯ ಸೋಲಿನಿಂದ. ಪ್ರೋಟೀನನ್ನು ಗುರುತಿಸಲು ಅದಕ್ಕೆ ಅಸಿಟಿಕ್ ಆಮ್ಲವನ್ನೂ ಗಂಧಕಾಮ್ಲವನ್ನೂ ಸೇರಿಸಿ ನೇರಳೆ ಬಣ್ಣವನ್ನು ಪಡೆಯುವ ಪರೀಕ್ಷೆಯೊಂದು ಆಗ ರೂಢಿಯಲ್ಲಿತ್ತು. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಎಷ್ಟು ಮಾಡಿದರೂ ಆ ಬಣ್ಣ ಬರಲಿಲ್ಲ. ಕೈ ಸರಿಯಿಲ್ಲವೆಂದು ಗದರಿಸಿ ಮುಂದೆ ಹೋಗಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತು. ಹಾಪ್ಕಿನ್ಸರು ಹಾಗೆ ಮಾಡಲಿಲ್ಲ. ಬಣ್ಣ ಏಕೆ ಬರಲಿಲ್ಲ ಎಂದು ವಿಚಾರಿಸುತ್ತ ಹೋದರು. ಬಣ್ಣವನ್ನು ತರುತ್ತಿದ್ದುದು ಅಸಿಟಿಕ್ ಆಮ್ಲವಲ್ಲ, ಅದರಲ್ಲಿ ಬೆರೆತಿದ್ದ ಬೇರೊಂದು ವಸ್ತು ಎಂಬುದು ತಿಳಿದುಬಂದಿತು. ಆ ವಿದ್ಯಾರ್ಥಿಯ ಆಮ್ಲ ಶುದ್ಧವಾಗಿದ್ದುದೇ ಅವನ ಸೋಲಿಗೆ ಕಾರಣವಾಗಿತ್ತು! ಅದೇ ಎಳೆಯನ್ನು ಹಿಡಿದು ಅವರು ಮತ್ತು ಅವರ ಸಹೋದ್ಯೋಗಿ ಸಿಡ್ನಿ ಕೋಲ್ 1901ರಲ್ಲಿ ಪ್ರೋಟೀನಿನ ಒಂದು ಮುಖ್ಯ ಘಟಕವಾದ ಟ್ರಿಪ್ಟೋಫೇನನ್ನು ಬೇರ್ಪಡಿಸಿದರು. ಶಿಷ್ಯನ ತಪ್ಪನ್ನೂ ಆದರದಿಂದ ನೋಡುವ ಗುರುವಿಗೆ ಪ್ರಕೃತಿ ತನ್ನ ಗುಟ್ಟನ್ನು ಬಿಟ್ಟುಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಮುಂದೆ 1912ರಲ್ಲಿ ಹಾಪ್ಕಿನ್ಸರು ಎಳೆಯ ಇಲಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಶುದ್ಧವಾದ ಪ್ರೋಟೀನು, ಪಿಷ್ಟ, ಕೊಬ್ಬು, ಲವಣಗಳನ್ನಷ್ಟೇ ತಿಂದ ಇಲಿಗಳ ಬೆಳವಣಿಗೆ ನಿಂತಿತು. ಅದೇ ಆಹಾರದ ಜೊತೆಗೆ ದಿನಕ್ಕೆ ಅತ್ಯಲ್ಪವಾದ ಹಾಲನ್ನು ಪಡೆದ ಇಲಿಗಳು ಚೆನ್ನಾಗಿ ಬೆಳೆದವು. ಆಹಾರದಲ್ಲಿ ಅತಿ ಕಿಂಚಿತ್ ಪ್ರಮಾಣದ ಬೇರೆ ಪದಾರ್ಥಗಳೂ ಅವಶ್ಯಕವೆಂಬುದು ಇದರಿಂದ ಸ್ಪಷ್ಟವಾಯಿತು. ಇಂದು ಜೀವಸತ್ವಗಳೆಂದು ಕರೆಯುವ ವಸ್ತುಗಳ ತಿಳಿವಳಿಕೆಗೆ ನೆಲಗಟ್ಟನ್ನು ಹಾಕಿದ ಈ ಕೆಲಸಕ್ಕಾಗಿ 1929ರಲ್ಲಿ ಅವರಿಗೆ ಐಕ್ಮನ್ ಎಂಬ ಡಚ್ ವಿಜ್ಞಾನಿಯ ಜೊತೆಯಲ್ಲಿ ಶರೀರಕ್ರಿಯಾವಿಜ್ಞಾನ ಅಥವಾ ವೈದ್ಯಕ್ಕೆ ಮೀಸಲಾದ ನೊಬೆಲ್ ಪಾರಿತೋಷಕ ದೊರೆಯಿತು. ಹಾಪ್ಕಿನ್ಸರ ಪ್ರಯೋಗಶಾಲೆಗೆ ಇನ್ನೊಂದು ಹಿರಿಮೆಯೂ ಇತ್ತು. ಮಹಿಳೆಯರಿಗೆ ವಿಜ್ಞಾನದ ಬಾಗಿಲುಗಳು ಬಹುಮಟ್ಟಿಗೆ ಮುಚ್ಚಿದ್ದ ಕಾಲದಲ್ಲಿ ಅಲ್ಲಿ ಅನೇಕ ಮಹಿಳೆಯರು ಸಂಶೋಧನೆ ನಡೆಸುತ್ತಿದ್ದರು. ಅವರಲ್ಲೊಬ್ಬರಾದ ಮಾರ್ಜರಿ ಸ್ಟೀಫನ್ಸನ್ 1945ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವನ್ನು ಪಡೆದ ಮೊದಲ ಇಬ್ಬರು ಮಹಿಳೆಯರಲ್ಲಿ ಒಬ್ಬರು.

ಈ ಗುರುಪರಂಪರೆಯ ಒಂದು ಕವಲು ಬೆಂಗಳೂರಿನಿಂದ ಹೊರಟ ವಿದ್ಯಾರ್ಥಿನಿಯೊಬ್ಬಳನ್ನು ಮುಟ್ಟಿದ ಕಥೆ ಕನ್ನಡ ನಾಡಿನ ಮಕ್ಕಳಿಗೆ ವಿಶೇಷವಾಗಿ ತಿಳಿದಿರಬೇಕಾದದ್ದು. ಆಕೆ ಕಮಲಾ ಭಾಗವತ್. ವಿವಾಹಾನಂತರ ಕಮಲಾ ಸೊಹೋನಿ ಎಂದು ಹೆಸರಾದವರು. 1911ರಲ್ಲಿ ಇಂದೂರಿನಲ್ಲಿ ಜನಿಸಿದ ಅವರ ಮನೆಮಾತು ಮರಾಠಿ. ತಂದೆಯೂ ದೊಡ್ಡಪ್ಪ ಚಿಕ್ಕಪ್ಪಂದಿರ ಪೀಳಿಗೆಯವರೂ ರಸಾಯನ ವಿಜ್ಞಾನವನ್ನು ಕಲಿತ ಮನೆತನ ಅದು. ತಂದೆ ನಾರಾಯಣರಾವ್ ಮತ್ತು ಅವರ ಸೋದರ ಮಾಧವರಾವ್ ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಳೆಯ ವಿದ್ಯಾರ್ಥಿಗಳು. ಜಮಶೇಟಜಿ ಟಾಟಾರವರ ದಾನದಿಂದಲೂ ಮೈಸೂರು ಸಂಸ್ಥಾನವು ನೀಡಿದ 371 ಎಕರೆ ಭೂಮಿಯಿಂದಲೂ 1909ರಲ್ಲಿ ರೂಪುಗೊಂಡ ಆ ಸಂಸ್ಥೆಯಲ್ಲಿ ತಾನೂ ಕಲಿಯಬೇಕೆಂಬುದು ಮಗಳ ಆಸೆಯಾಗಿತ್ತು.

ಕಮಲಾ 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಪಡೆದರು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಚಿಕ್ಕೋಡಿ ಅಥಣಿಗಳಿಂದ ಕಾಲೇಜಿಗೆ ಹೋದವರೂ ಅದೇ ವಿಶ್ವವಿದ್ಯಾಲಯದ ಪರೀಕ್ಷೆಗೆ ಕುಳಿತುಕೊಳ್ಳುತ್ತಿದ್ದರು. ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ತೆರೆದದ್ದೂ 1933ರಲ್ಲಿಯೇ. ಪದವಿಯನ್ನು ಪಡೆದ ಕಮಲಾ ವಿಜ್ಞಾನ ಸಂಸ್ಥೆಗೆ ಅರ್ಜಿಯನ್ನು ಕಳುಹಿಸಿದರು. ಅರ್ಜಿ ತಿರಸ್ಕೃತವಾಯಿತು. ಅಂಕಗಳಲ್ಲಿ ಕೊರತೆಯಿರಲಿಲ್ಲ, ಅರ್ಜಿ ಹಾಕಿದವಳು ಹೆಣ್ಣುಮಗಳು ಎಂಬುದೇ ಕಾರಣವಾಗಿತ್ತು. ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಗಾಂಧೀಜಿಯವರ ಮಾರ್ಗವನ್ನು ಮೆಚ್ಚಿದ್ದ ಆ ತರುಣಿ ಬೆಂಗಳೂರಿಗೆ ಬಂದು ನಿರ್ದೇಶಕರೆದುರು ನಿಂತು, ಕಾರಣವನ್ನು ಕೇಳಿ, ಸತ್ಯಾಗ್ರಹಕ್ಕೂ ಸಿದ್ಧಳಾದಳು. ಕೊನೆಗೆ ಪ್ರವೇಶ ದೊರೆತರೂ ಷರತ್ತುಗಳು ಬಿಡಲಿಲ್ಲ. ಮೊದಲ ವರ್ಷ ಆಕೆಯನ್ನು ಕ್ರಮಬದ್ಧ ವಿದ್ಯಾರ್ಥಿನಿಯೆಂದು ಎಣಿಸುವಂತಿಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು. ಆಕೆಯಿಂದ ಪ್ರಯೋಗಶಾಲೆಯ ವಾತಾವರಣಕ್ಕೆ ಧಕ್ಕೆಯಾಗಬಾರದು.

ರಾಮನ್‌ರವರು ಭಾರತದ ವಿಜ್ಞಾನಾಕಾಶದ ಮಹಾನಕ್ಷತ್ರ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡವರ ದೊಡ್ಡತನವನ್ನು ಗೌರವಿಸುವುದಕ್ಕಾಗಿ ಅವರ ತಪ್ಪನ್ನು ಮುಚ್ಚಬೇಕಾಗಿಲ್ಲ. ರಾಮನ್‌ರವರ ಜೀವನದಲ್ಲಿಯೇ ಇನ್ನೊಂದು ಬಾಗಿಲಿನ ಕಥೆಯಿದೆ. 1907ರಲ್ಲಿ ಅವರು ಕಲ್ಕತ್ತೆಯಲ್ಲಿ ಸರ್ಕಾರಿ ಹಣಕಾಸು ಇಲಾಖೆಯ ಯುವ ಅಧಿಕಾರಿಯಾಗಿದ್ದಾಗ, ಬೌಬಜಾರಿನಲ್ಲಿದ್ದ ವಿಜ್ಞಾನಪ್ರಸಾರ ಸಂಘದ ಬಾಗಿಲನ್ನು ತಟ್ಟಿದರು. ಅಲ್ಲಿದ್ದ ಆಶುತೋಷ್ ಡೇ ಬಾಗಿಲನ್ನು ತೆರೆದರು. ಕಾರ್ಯದರ್ಶಿ ಅಮೃತಲಾಲ್ ಸರ್ಕಾರ್ ಆದರದಿಂದ ಬರಮಾಡಿಕೊಂಡರು. ಬೆಳಗಿನ ಮತ್ತು ಸಂಜೆಯ ಬಿಡುವಿನ ವೇಳೆಯಲ್ಲಿ ಅಲ್ಲಿಯೇ ನಡೆದ ದುಡಿಮೆ ಮುಂದೆ ನೊಬೆಲ್ ಪಾರಿತೋಷಕಕ್ಕೆ ದಾರಿಯಾಯಿತು. ಕಚೇರಿಯ ಅಧಿಕಾರಿಗೆ ಇಲ್ಲೇನು ಕೆಲಸವೆಂದು ಅಂದು ಅವರು ಕೇಳಿದ್ದರೆ? ತನಗಾಗಿ ತೆರೆದ ಬಾಗಿಲನ್ನು ಪರರಿಗಾಗಿ ತೆರೆದಿಡುವುದು ಎಷ್ಟು ಕಠಿಣವೆಂಬುದನ್ನು ಇದು ತಿಳಿಸುತ್ತದೆ. ಕಮಲಾರ ಒಂದು ವರ್ಷದ ದುಡಿಮೆಯನ್ನು ಕಂಡ ರಾಮನ್‌ರವರು ತಮ್ಮ ನಿಲುವನ್ನು ಸಡಿಲಿಸಿ, ಆಕೆಯನ್ನು ಪೂರ್ಣ ವಿದ್ಯಾರ್ಥಿನಿಯಾಗಿ ಅಂಗೀಕರಿಸಿದರು. ಬಳಿಕ ಸಂಸ್ಥೆಗೆ ಬೇರೆ ಹೆಣ್ಣುಮಕ್ಕಳೂ ಬಂದರು; 1940ರಲ್ಲಿ ರಾಮನ್‌ರ ಪ್ರಯೋಗಶಾಲೆಯನ್ನೇ ಸೇರಿದ ಅನ್ನಾ ಮಾಣಿ ಮುಂದೆ ಪ್ರಸಿದ್ಧ ಹವಾಮಾನ ವಿಜ್ಞಾನಿಯಾದರು.

ಸಂಸ್ಥೆಯಲ್ಲಿ ಕಮಲಾರಿಗೆ ಗುರುವಾಗಿ ದೊರೆತವರು ಶ್ರೀನಿವಾಸಯ್ಯನವರು. ಮೈಸೂರು ಸೀಮೆಯ ಶ್ರೀಗಂಧದ ಮರಗಳನ್ನು ಕಾಡುತ್ತಿದ್ದ ರೋಗವನ್ನು ಕುರಿತು ಸಂಶೋಧನೆ ನಡೆಸಿದ ಜೀವರಸಾಯನ ವಿಜ್ಞಾನಿ ಅವರು. ಶಿಸ್ತಿನಲ್ಲಿ ಕಟುವಾದವರು, ಕೆಲಸವನ್ನು ಬಿಗಿಯಾಗಿ ಬಯಸುವವರು. ಆದರೆ ಯೋಗ್ಯರಾದ ಶಿಷ್ಯರಿಗೆ ತಿಳಿದುದನ್ನೆಲ್ಲ ಧಾರೆಯೆರೆಯುವವರು. ಅವರ ಕೈಕೆಳಗೆ ಕಮಲಾ ಹಾಲು, ಬೇಳೆ, ದ್ವಿದಳ ಧಾನ್ಯಗಳಲ್ಲಿರುವ ಪ್ರೋಟೀನುಗಳನ್ನು ಅಭ್ಯಾಸ ಮಾಡಿ 1936ರಲ್ಲಿ ಎಂ.ಎಸ್‌ಸಿ. ಪದವಿಯನ್ನು ಪಡೆದರು. ಷರತ್ತನ್ನು ಹಾಕುವ ಕಾಠಿಣ್ಯವೇ ಬೇರೆ, ಶಿಸ್ತನ್ನು ಕಲಿಸುವ ಕಾಠಿಣ್ಯವೇ ಬೇರೆ. ಮೊದಲನೆಯದು ಶಿಷ್ಯೆಯನ್ನು ಹೊರಗೆ ನಿಲ್ಲಿಸಿ ಅಳೆಯುತ್ತದೆ. ಎರಡನೆಯದು ಒಳಗೆ ಕರೆದು ಬೆಳೆಸುತ್ತದೆ. ಶ್ರೀನಿವಾಸಯ್ಯನವರದು ಎರಡನೆಯ ಬಗೆಯದು.

ಅಲ್ಲಿಂದ ಕಮಲಾ ಹಾಪ್ಕಿನ್ಸರಿದ್ದ ಕೇಂಬ್ರಿಜಿಗೆ ತೆರಳಿ 1937ರಲ್ಲಿ ನ್ಯೂನಮ್ ಕಾಲೇಜನ್ನು ಸೇರಿದರು. ಹಾಪ್ಕಿನ್ಸರ ಪ್ರಯೋಗಶಾಲೆಯಲ್ಲಿ ಎಲ್ಲ ಮೇಜುಗಳೂ ತುಂಬಿದ್ದವು. ಆಗ ಅಲ್ಲಿದ್ದ ಡೆರಿಕ್ ರಿಕ್ಟರ್ ಎಂಬ ವಿಜ್ಞಾನಿ ಹಗಲು ಹೊತ್ತಿನಲ್ಲಿ ತಮ್ಮ ಸ್ಥಳವನ್ನು ಈಕೆಗೆ ಬಿಟ್ಟುಕೊಟ್ಟು, ತಾವು ರಾತ್ರಿಯಲ್ಲಿ ಕೆಲಸ ಮಾಡಲು ಒಪ್ಪಿದರೆಂದು ಕಮಲಾರ ಜೀವನವನ್ನು ಬರೆದವರು ತಿಳಿಸಿದ್ದಾರೆ. ಬೆಂಗಳೂರಿನಲ್ಲಿ ಸ್ಥಳವಿದ್ದೂ ಇಲ್ಲವೆನಿಸಿಕೊಂಡ ವಿದ್ಯಾರ್ಥಿನಿಗೆ ಕೇಂಬ್ರಿಜಿನಲ್ಲಿ ಇಲ್ಲದ ಸ್ಥಳವೂ ಹುಟ್ಟಿಕೊಂಡಿತು. ಅದನ್ನು ಹುಟ್ಟಿಸಿದ್ದು ಒಬ್ಬ ಮನುಷ್ಯನ ಮನಸ್ಸು. ಗುರುವಿನ ಉದಾರತೆಯೆಂದರೆ ದೊಡ್ಡ ಭಾಷಣವಲ್ಲ. ಒಂದು ಮೇಜಿನ ಅರ್ಧ ದಿನ.

ರಿಕ್ಟರ್ ಬೇರೆಡೆಗೆ ಹೋದ ಮೇಲೆ ಕಮಲಾರಿಗೆ ಮಾರ್ಗದರ್ಶಕರಾದವರು ರಾಬಿನ್ ಹಿಲ್. ಹಸಿರೆಲೆ ಬೆಳಕಿನಲ್ಲಿ ಆಮ್ಲಜನಕವನ್ನು ಹೊರಚೆಲ್ಲುವ ಕ್ರಿಯೆಯನ್ನು ಬಿಡಿಸಿ ತೋರಿಸಿದ ಹಿಲ್‌ರ ಹೆಸರು ಇಂದಿಗೂ ಸಸ್ಯವಿಜ್ಞಾನದ ಪುಸ್ತಕಗಳಲ್ಲಿದೆ. ಅವರ ಬಳಿ ಕಮಲಾ ಸಸ್ಯಗಳ ಉಸಿರಾಟವನ್ನು ಅಭ್ಯಾಸಕ್ಕೆ ತೆಗೆದುಕೊಂಡರು. ಪ್ರಾಣಿಗಳ ಜೀವಕೋಶಗಳಲ್ಲಿ ಆಹಾರವು ಆಮ್ಲಜನಕದೊಡನೆ ಕೂಡಿ ಶಕ್ತಿಯಾಗುವಾಗ ಸೈಟೋಕ್ರೋಮ್‌ಗಳೆಂಬ ವಸ್ತುಗಳು ನಡುವೆ ಕೆಲಸ ಮಾಡುತ್ತವೆ. ಒಬ್ಬರ ಕೈಯಿಂದ ಒಬ್ಬರಿಗೆ ಕೊಡವನ್ನು ದಾಟಿಸುವ ಸಾಲಿನಂತೆ ಅವು ಎಲೆಕ್ಟ್ರಾನುಗಳನ್ನು ದಾಟಿಸುತ್ತವೆ. ಕಮಲಾ ಆಲೂಗಡ್ಡೆಯನ್ನು ಪರೀಕ್ಷಿಸಿ ಸಸ್ಯದ ಕೋಶಗಳಲ್ಲಿಯೂ ಸೈಟೋಕ್ರೋಮ್ ಸಿ ಎಂಬ ವಸ್ತು ಇರುವುದನ್ನು ತೋರಿಸಿದರು. ಹೊಲದ ಗಿಡ, ಅದನ್ನು ಮೇಯುವ ಎತ್ತು, ಎತ್ತನ್ನು ಹೂಡುವ ರೈತ ಈ ಮೂವರ ಉಸಿರಿನ ಒಳಗುಟ್ಟು ಒಂದೇ ಎಂಬ ತತ್ತ್ವಕ್ಕೆ ಇದು ಇನ್ನೊಂದು ಆಧಾರ. ಹದಿನಾಲ್ಕು ತಿಂಗಳಲ್ಲಿ ಮುಗಿದ ಅವರ ಪ್ರಬಂಧ ಕೇವಲ 40 ಪುಟಗಳದು. 1939ರಲ್ಲಿ ಪಿಎಚ್.ಡಿ. ಪದವಿಯೊಂದಿಗೆ ಅವರು ತಾಯ್ನಾಡಿಗೆ ಮರಳಿದರು. ವಿಜ್ಞಾನದಲ್ಲಿ ಆ ಪದವಿಯನ್ನು ಪಡೆದ ಮೊತ್ತಮೊದಲ ಭಾರತೀಯ ಮಹಿಳೆಯರಲ್ಲಿ ಅವರ ಹೆಸರು ಸೇರಿದೆ.

ದೆಹಲಿಯಲ್ಲಿಯೂ ಕೂನೂರಿನ ಪೋಷಣ ಸಂಶೋಧನಾಲಯದಲ್ಲಿಯೂ ಸೇವೆ ಸಲ್ಲಿಸಿದ ಬಳಿಕ ಕಮಲಾ ಸೊಹೋನಿ ಮುಂಬಯಿಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗದ ಅಧ್ಯಾಪಕಿಯಾದರು. ತಾವು ಪಡೆದುದನ್ನು ಶಿಷ್ಯರಿಗೆ ಹಂಚುವ ಸರದಿ ಈಗ ಅವರದು. ಅವರೂ ಅವರ ವಿದ್ಯಾರ್ಥಿಗಳೂ ಆರಿಸಿಕೊಂಡ ವಿಷಯಗಳು ಬಡವರ ಅಡಿಗೆಮನೆಯವು. ಹಸಿ ಕಾಳುಗಳಲ್ಲಿ ಪ್ರೋಟೀನಿನ ಪಚನವನ್ನು ತಡೆಯುವ ವಸ್ತುಗಳಿರುತ್ತವೆ. ಅವು ಕರುಳಿನ ಟ್ರಿಪ್ಸಿನ್ ಎಂಬ ಕಿಣ್ವದ ಕೈಯನ್ನು ಕಟ್ಟುತ್ತವೆ. ಚೆನ್ನಾಗಿ ಬೇಯಿಸಿದಾಗ ಅವುಗಳ ಬಲ ಕುಗ್ಗುತ್ತದೆ. ಹೆಂಗಸರು ತಲೆತಲಾಂತರದಿಂದ ಕಾಳನ್ನು ನೆನೆಹಾಕಿ ಬೇಯಿಸುತ್ತ ಬಂದ ಪದ್ಧತಿಯ ಹಿಂದೆ ಎಂಥ ವಿವೇಕವಿದೆ ಎಂಬುದು ಇಂಥ ಅಭ್ಯಾಸಗಳಿಂದ ತಿಳಿಯಿತು. ತಾಳೆಯ ಮರದ ನೀರಾ ಮತ್ತು ಅದರ ಬೆಲ್ಲದ ಪೋಷಕಾಂಶಗಳನ್ನೂ ಅವರು ಪರೀಕ್ಷಿಸಿದರು. ಪೋಷಣೆಯಿಲ್ಲದೆ ಸೊರಗಿದ ಗಿರಿಜನರ ಮಕ್ಕಳಿಗೂ ಗರ್ಭಿಣಿಯರಿಗೂ ನೀರಾದಿಂದ ಆಗುವ ಪ್ರಯೋಜನವನ್ನು ತೋರಿಸಿದರು. ಆ ಕೆಲಸಕ್ಕೆ ರಾಷ್ಟ್ರಪತಿಗಳ ಪುರಸ್ಕಾರ ದೊರೆಯಿತು. 1998ರಲ್ಲಿ ಅವರು ತೀರಿಕೊಂಡರು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ನಿಜವಾದ ಪ್ರತಿಭೆಯನ್ನು ಯಾವ ಗೋಡೆಯೂ ತಡೆಯಲಾರದು. ಕಮಲಾ ಷರತ್ತುಗಳ ನಡುವೆಯೂ ಗೆದ್ದರು. ಹಾಪ್ಕಿನ್ಸ್ ಗುಮಾಸ್ತಗಿರಿಯಿಂದ ಬಂದೂ ಮೇಲೇರಿದರು. ಕಷ್ಟವೇ ಪುಟವಿಡುವ ಬೆಂಕಿಯಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಈ ವಾದ ಕೇಳಲು ಚೆನ್ನಾಗಿದೆ. ಆದರೆ ಪೂರ್ತಿ ಸರಿಯಲ್ಲ. ಹೊಳೆಯನ್ನು ಈಜಿ ದಡ ಸೇರಿದವರನ್ನಷ್ಟೇ ಎಣಿಸಿ ಸೇತುವೆ ಬೇಡವೆನ್ನುವುದು ಯಾವ ನ್ಯಾಯ? ಬಾಗಿಲಿನಿಂದ ಹಿಂದಿರುಗಿದ ಹೆಣ್ಣುಮಕ್ಕಳ ಹೆಸರುಗಳು ಯಾವ ದಾಖಲೆಯಲ್ಲೂ ಇಲ್ಲ. ಕಮಲಾರ ಬೆನ್ನಿಗೆ ವಿಜ್ಞಾನ ಬಲ್ಲ ತಂದೆಯಿದ್ದರು, ಊರಿಂದೂರಿಗೆ ಹೋಗಿ ಪ್ರಶ್ನಿಸುವ ಧೈರ್ಯವಿತ್ತು. ಇವೆರಡೂ ಇಲ್ಲದವರ ಪ್ರತಿಭೆ ಪ್ರತಿಭೆಯಲ್ಲವೇ? ಶ್ರೀನಿವಾಸಯ್ಯ, ರಿಕ್ಟರ್, ಹಿಲ್ ಇವರಲ್ಲಿ ಒಬ್ಬರು ಇಲ್ಲದಿದ್ದರೂ ಕಮಲಾರ ಕಥೆ ಬೇರೆಯಾಗುತ್ತಿತ್ತು. ಗೆಲುವು ಅವರದೇ ನಿಜ. ಆದರೆ ಆ ಗೆಲುವಿಗೆ ಜಾಗವನ್ನು ಒದಗಿಸಿದವರು ಬೇರೆಯವರು.

ಈ ಮಾತು ದೂರದ ಕೇಂಬ್ರಿಜಿಗೂ ಹಳೆಯ ಕಾಲಕ್ಕೂ ಮಾತ್ರ ಅನ್ವಯಿಸುವಂಥದಲ್ಲ; ಕೃಷ್ಣೆಯ ದಡದ ಗಡಿ ತಾಲ್ಲೂಕುಗಳಿಗೂ ಅನ್ವಯಿಸುತ್ತದೆ. ಇಲ್ಲಿಯ ನೆಲದಲ್ಲಿ ವಿದ್ವತ್ತಿನ ಬೀಜಕ್ಕೆ ಬರವಿಲ್ಲ. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆ ಪ್ರಾಕೃತ ಭಾಷೆಯ ಮಹಾವಿದ್ವಾಂಸರಾಗಿ, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಹಳ್ಳಿಯ ಹುಡುಗನಿಗೆ ಪುಸ್ತಕವೂ ಗುರುವೂ ದೊರೆತಾಗ ಏನಾಗಬಲ್ಲುದೆಂಬುದಕ್ಕೆ ಅವರು ಸಾಕ್ಷಿ. ವಿಜ್ಞಾನಕ್ಕೆ ಪುಸ್ತಕ, ಗುರು ಇವರ ಜೊತೆಗೆ ಮೇಜೂ ಬೇಕು. ಕಮಲಾ ಬೆಂಗಳೂರಿಗೆ ಬಂದ ಕಾಲದಲ್ಲಿ ಈ ಭಾಗಕ್ಕೆ ಸಮೀಪದಲ್ಲಿ ವಿಶ್ವವಿದ್ಯಾಲಯವಿರಲಿಲ್ಲ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಧಾರವಾಡದಲ್ಲಿ ನೆಲೆನಿಂತಿತು. 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೆಳಗಾವಿಗೇ ಬಂದಿತು. ದೂರ ಕಡಿಮೆಯಾಗಿದೆ. ಆದರೆ ದೂರವನ್ನು ಮೈಲಿಗಳಿಂದ ಮಾತ್ರ ಅಳೆಯಲಾಗದು.

ಈ ನಾಡಿನ ಬದುಕಿನಲ್ಲಿಯೇ ಶರೀರಕ್ರಿಯಾವಿಜ್ಞಾನಿಗೆ ಪ್ರಶ್ನೆಗಳು ಕಾದಿವೆ. ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿಯುವ ತಾಯಂದಿರ ಉಸಿರಿನೊಡನೆ ಒಳಹೋಗುವ ಧೂಳು ಶ್ವಾಸಕೋಶವನ್ನು ಏನು ಮಾಡುತ್ತದೆ? ಹಸಿ ತಂಬಾಕಿನ ಎಲೆಯನ್ನು ಹಿಡಿದ ಕೈಯ ಚರ್ಮದ ಮೂಲಕವೇ ನಿಕೋಟಿನ್ ರಕ್ತವನ್ನು ಸೇರಿ ತಲೆಸುತ್ತು, ವಾಂತಿಗಳನ್ನು ತರಬಲ್ಲುದೆಂಬುದು ತಿಳಿದ ಸಂಗತಿ. ಅದನ್ನು ತಡೆಯುವ ಅಗ್ಗದ ಉಪಾಯವೇನು? ಅಥಣಿ ಕಾಗವಾಡಗಳ ಬಿಸಿಲಿನಲ್ಲಿ ಕಬ್ಬು ಕಡಿಯುವವರ ದೇಹ ಬೆವರಿನೊಡನೆ ಎಷ್ಟು ನೀರನ್ನೂ ಉಪ್ಪನ್ನೂ ಕಳೆದುಕೊಳ್ಳುತ್ತದೆ? ಈ ಪ್ರಶ್ನೆಗಳನ್ನು ಹೊರಗಿನವರೂ ಕೇಳಬಹುದು. ಆದರೆ ವಖಾರಿಯಿಂದ ಕೆಮ್ಮುತ್ತ ಮನೆಗೆ ಬರುವ ತಾಯಿಯನ್ನು ಕಂಡ ಮಗಳು ಕೇಳುವಷ್ಟು ಆಸ್ಥೆಯಿಂದ ಯಾರು ಕೇಳಬಲ್ಲರು? ಆ ಮಗಳಿಗೆ ಪ್ರಯೋಗಶಾಲೆಯಲ್ಲಿ ಸ್ಥಳ ದೊರೆಯದಿದ್ದರೆ ನಷ್ಟ ಅವಳೊಬ್ಬಳದಲ್ಲ; ಇಡೀ ನಿಪ್ಪಾಣಿಯದು.

ಆ ಸ್ಥಳ ಮೊದಲು ದೊರೆಯಬೇಕಾದದ್ದು ಪ್ರೌಢಶಾಲೆಯಲ್ಲಿ. ಬೀಗ ಹಾಕಿದ ಕಪಾಟಿನಲ್ಲಿ ಸೂಕ್ಷ್ಮದರ್ಶಕವನ್ನಿಟ್ಟು, ಅದರ ಚಿತ್ರವನ್ನು ಮಾತ್ರ ಹಲಗೆಯ ಮೇಲೆ ಬರೆಸುವ ಶಾಲೆಗೂ ಬಾಗಿಲು ಮುಚ್ಚಿದ ಸಂಸ್ಥೆಗೂ ಭೇದವಿಲ್ಲ. ಉಪಕರಣ ಕೆಟ್ಟೀತೆಂಬ ಭಯ ಸಹಜವಾದದ್ದೇ. ಆದರೆ ಬಳಸಿ ಸವೆದ ಉಪಕರಣ ಶಾಲೆಗೆ ಭೂಷಣ, ಬಳಸದೆ ತುಕ್ಕು ಹಿಡಿದದ್ದು ಕಳಂಕ. ದುಬಾರಿಯಾದ ಸಾಮಗ್ರಿ ಇಲ್ಲದೆಯೂ ಆರಂಭಿಸಬಹುದು. ಆಟದ ಬಯಲಿನಲ್ಲಿ ಓಡುವ ಮೊದಲೂ ಓಡಿದ ಮೇಲೂ ನಾಡಿಯ ಬಡಿತವನ್ನು ಎಣಿಸಿ ಬರೆದಿಡುವುದು ಶರೀರಕ್ರಿಯೆಯ ಪ್ರಯೋಗವೇ. ತೆಳುವಾದ ಗಂಜಿಗೆ ಒಂದು ತೊಟ್ಟು ಅಯೊಡಿನ್ ಹಾಕಿದರೆ ನೀಲಿ ಬಣ್ಣ ಬರುತ್ತದೆ. ಅದೇ ಗಂಜಿಗೆ ಉಗುಳನ್ನು ಬೆರೆಸಿ ಕೆಲ ಹೊತ್ತು ಬಿಟ್ಟು ಪರೀಕ್ಷಿಸಿದರೆ ಆ ಬಣ್ಣ ಬರುವುದಿಲ್ಲ. ಜೋಳದ ರೊಟ್ಟಿಯನ್ನು ಅಗಿಯುತ್ತಿದ್ದಂತೆ ಬಾಯಲ್ಲಿ ಸಿಹಿಯಾಗುವುದೇಕೆಂಬುದಕ್ಕೆ ಅಲ್ಲಿ ಉತ್ತರವಿದೆ. ಒಬ್ಬ ಹುಡುಗಿಯ ಪ್ರನಾಳದಲ್ಲಿ ಮಾತ್ರ ಬಣ್ಣ ಉಳಿದರೆ, ಅದನ್ನು ತಪ್ಪೆಂದು ಚೆಲ್ಲದೆ, ಏಕೆ ಉಳಿಯಿತೆಂದು ತರಗತಿಯೆಲ್ಲ ವಿಚಾರ ಮಾಡಬೇಕು. ಹಾಪ್ಕಿನ್ಸರ ಪಾಠವೂ ಇದೇ ಅಲ್ಲವೇ?

ಮುಂದೆ ಗುರಿ, ಹಿಂದೆ ಗುರು ಇರಬೇಕೆಂಬುದು ಹಿರಿಯರ ಮಾತು. ಗುರುವು ಹಿಂದೆ ನಿಲ್ಲುವುದು ಶಿಷ್ಯನು ಮುಂದೆ ಹೋಗಲೆಂದು. ದಾರಿಗೆ ಅಡ್ಡ ನಿಲ್ಲುವುದು ಗುರುವಿನ ಕೆಲಸವಲ್ಲ. ವಿದ್ಯಾರ್ಥಿಗೂ ಅವನದೇ ಆದ ಕರ್ತವ್ಯವಿದೆ. ಬಾಗಿಲು ಮುಚ್ಚಿದ್ದರೆ ತಟ್ಟಬೇಕು. ಕಾರಣವನ್ನು ವಿನಯದಿಂದ, ಆದರೆ ಅಂಜದೆ ಕೇಳಬೇಕು. ಒಳಗೆ ಕಾಲಿಟ್ಟ ಮೇಲೆ ದುಡಿಮೆಯಿಂದ ಉತ್ತರಿಸಬೇಕು. ಶಾರ್ಪೆಯವರಿಂದ ಫಾಸ್ಟರ್, ಫಾಸ್ಟರರಿಂದ ಹಾಪ್ಕಿನ್ಸ್, ಹಾಪ್ಕಿನ್ಸರ ಪ್ರಯೋಗಶಾಲೆಯಿಂದ ಕಮಲಾ ಸೊಹೋನಿ, ಅವರಿಂದ ಮುಂಬಯಿಯ ಶಿಷ್ಯರು ಹೀಗೆ ಒಂದು ಶತಮಾನಕ್ಕೂ ಮಿಕ್ಕಿ ಈ ಸಾಲು ಹರಿದುಬಂದಿದೆ. ಅದರಲ್ಲಿ ಯಾರೊಬ್ಬರೂ ತಾವು ಪಡೆದ ಸ್ಥಳವನ್ನು ತಮ್ಮ ಸ್ವತ್ತೆಂದು ಇಟ್ಟುಕೊಳ್ಳಲಿಲ್ಲ; ಮುಂದಿನವರಿಗೆ ಬಿಟ್ಟುಕೊಟ್ಟರು. ನಿಪ್ಪಾಣಿಯ ವಖಾರಿಯ ಕೆಲಸಗಾರ್ತಿಯ ಮಗಳಾಗಲಿ, ರಾಯಬಾಗದ ರೈತನ ಮಗನಾಗಲಿ ಆ ಸಾಲಿನಲ್ಲಿ ನಿಲ್ಲುವಂತಾಗಲು ಬೇಕಾದದ್ದು ಪವಾಡವಲ್ಲ. ತೆರೆದ ಒಂದು ಕಪಾಟು, ಸರಿದು ಜಾಗ ಕೊಡುವ ಒಬ್ಬ ಗುರು.